ಹರಿದ ಮೂಲೆಯಲ್ಲಿದ್ದ ಶ್ರುತಿ

ಆನ್‌ಲೈನಿನಲ್ಲಿ ಕೊಂಡ ಸಂಗೀತಶಾಸ್ತ್ರದ ನಲವತ್ತೆರಡು ಪಾಠಗಳಲ್ಲಿ ಮೊದಲ ಹನ್ನೊಂದನ್ನು ಬೂನ್‌ಲ್ಯಾಂಗ್ ಊಟ ಮಾಡುತ್ತಲೇ ನೋಡಿ ಮುಗಿಸಿದ. ಒಂದು ಬಟ್ಟಲು ಅಕ್ಕಿಕಡುಬಿಗೆ ಒಂದು ಪಾಠ. ಹಸಿವು ಹೆಚ್ಚಿದ್ದ ದಿನ ಎರಡು. ಹನ್ನೆರಡನೆಯದಕ್ಕೆ ಕೂರುವ ಮುನ್ನ ತಲೆಯಲ್ಲಿ ಏನು ಉಳಿದಿದೆ ಎಂದು ತಡಕಿ ನೋಡಿದರೆ ಪಾಠ ಹೇಳುವ ಗಂಡಸಿನ ಅಂಗಿಯ ಬಣ್ಣವೊಂದೇ ಕೈಗೆ ಸಿಕ್ಕಿತು. ನೀಲಿ.

ಸ್ಕೂಟರ್ ರಿಪೇರಿ ಮಾಡುವ ಐವತ್ತೆಂಟು ವರ್ಷದ ಗಂಡಸಿಗೆ ಸಂಗೀತಶಾಸ್ತ್ರ ಯಾಕೆ ಎಂದು ಮಾದೋ ಊರಿನವರು ಯಾರೂ ಕೇಳಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಅಕ್ಕ ಛಾಯ್‌ಲಿಯನ್ ಮಲಗಿರುವುದು ಎಲ್ಲರಿಗೂ ಗೊತ್ತಿತ್ತು. ಫೆಬ್ರವರಿಯಲ್ಲಿ ಬರುವ ಹೊಸವರ್ಷದ ಹಬ್ಬ ಕಳೆದ ಮೂರನೆಯ ವಾರ ಪಾರ್ಶ್ವವಾಯು ಹೊಡೆದು, ಬಲಗೈ ಬಲಗಾಲುಗಳ ಜೊತೆಗೆ ಅವಳ ಮಾತನ್ನೂ ಎತ್ತಿಕೊಂಡು ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಮಾತ್ರ “ತಾ, ತಾ” ಎಂಬ ಒಂದೇ ಶಬ್ದ. ಊರಿನ ಚರ್ಚಿನ ಹಾಡುವ ಬಳಗವನ್ನು ನಲವತ್ತೈದು ವರ್ಷ ಬೈದು, ತಿದ್ದಿ, ಮತ್ತೆ ಬೈದು ನಡೆಸಿದ ಬಾಯಿ ಅದು.

ಮಾತಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹೇಳಿದ್ದಳು: “ತಲೆಯೊಳಗೆ ಮಾತಿನ ಕೋಣೆ ಬೇರೆ, ಹಾಡಿನ ಕೋಣೆ ಬೇರೆ. ಈ ಬಾಗಿಲು ತೆಗೀತಿಲ್ಲ ಅಂದ್ರೆ ಆ ಬಾಗಿಲು ತಟ್ಟಿ ನೋಡಿ. ತುಂಬ ಹಳೇದು, ಮನೇಲಿ ಹಾಡ್ತಿದ್ದದ್ದು ಯಾವುದಾದ್ರೂ. ಹಾಡಿನ ಬೆನ್ನು ಹಿಡಿದು ಮಾತೂ ಬಂದುಬಿಡುತ್ತೆ ಒಮ್ಮೊಮ್ಮೆ. ಆದ್ರೆ ಬೇಗ ಆಗಬೇಕು. ಮೊದಲ ಆರು ತಿಂಗಳಲ್ಲಿ ಬಂದದ್ದು ಬಂತು.”

ಆರು ತಿಂಗಳೆಂದರೆ ಚಕ್ಕೋತದ ಕೊಯ್ಲಿನವರೆಗೆ.

ಚರ್ಚಿನ ಬಳಗ ಬಂದು ಮಂಚದ ಸುತ್ತ ನಿಂತು ಹಾಡಿ ನೋಡಿತು. ಛಾಯ್‌ಲಿಯನ್ ಎರಡು ಸಾಲು ಕೇಳಿದಳು. ಮೂರನೆಯದಕ್ಕೆ ಗೋಡೆಯ ಕಡೆ ತಿರುಗಿದಳು. “ನಾವು ಎಳೆದೆಳೆದು ಹಾಡಿದ್ವಿ ಅಂತ ಸಿಟ್ಟು ಬಂದಿರಬೇಕು,” ಎಂದರು ಹಿರಿಯ ಹೆಂಗಸರು ಮೆಟ್ಟಿಲಿಳಿಯುತ್ತಾ. ಅದು ನಿಜವೂ ಇರಬಹುದು.

ಬೂನ್‌ಲ್ಯಾಂಗನ ಮನಸ್ಸಿನಲ್ಲಿದ್ದದ್ದು ಬೇರೆ ಹಾಡು. ಅಮ್ಮ ಸತ್ತಾಗ ಅವನಿಗೆ ನಾಲ್ಕು, ಅಕ್ಕನಿಗೆ ಹದಿನಾಲ್ಕು. ಸಂಜೆ ಹೊಲದ ಕೆಸರು ಮೆತ್ತಿಕೊಂಡು ಬಂದವನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಕಾಲು ತೊಳೆಯುವಾಗ ಅಕ್ಕ ತಾನೇ ಕಟ್ಟಿದ ಹಾಡೊಂದನ್ನು ಹಾಡುತ್ತಿದ್ದಳು. ಅವನಿಗೆ ನೆನಪಿದ್ದದ್ದು ತಣ್ಣೀರು, ಕಾಲಿನ ಗಿಣ್ಣನ್ನು ಹಿಡಿದ ಅವಳ ಬಿಗಿ ಮುಷ್ಟಿ, ಮತ್ತು ಕೊನೆಯಲ್ಲಿ ಯಾರೋ ಮೆಟ್ಟಿಲಿಳಿದು ಹೋದಂತೆ ಕೆಳಗಿಳಿಯುವ ದನಿ. ಮಾತುಗಳು ಒಂದೂ ನೆನಪಿರಲಿಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದು, ಇಬ್ಬರೂ ಮದುವೆಯಾಗದೆ, ಒಂದೇ ಪಾತ್ರೆಯ ಅನ್ನ ತಿಂದು, ಆ ಹಾಡಿನ ಮಾತೇನು ಎಂದು ಒಮ್ಮೆಯೂ ಅವನು ಕೇಳಿರಲಿಲ್ಲ. ಈಗ ಆ ಮಾತುಗಳು ಇದ್ದದ್ದು ಲೋಕದಲ್ಲಿ ಒಂದೇ ಕಡೆ, ಬೀಗ ಬಿದ್ದ ಬಾಗಿಲ ಹಿಂದೆ.

ಸ್ವರಗಳು ಮಾತ್ರ ಕಾಗದದ ಮೇಲಿದ್ದವು. ಅಕ್ಕನ ಹಳೆಯ ನೋಟುಪುಸ್ತಕದ ನಾಲ್ಕನೆಯ ಹಾಳೆಯಲ್ಲಿ, ಆ ಕಡೆಯ ಚರ್ಚುಗಳಲ್ಲೆಲ್ಲ ಬರೆಯುವ ಹಾಗೆ, ಬರೀ ಅಂಕಿಗಳಲ್ಲಿ: ಷಡ್ಜಕ್ಕೆ ಒಂದು, ರಿಷಭಕ್ಕೆ ಎರಡು, ಹೀಗೆ ಏಳರವರೆಗೆ. ಮೇಲೆ “ಕಾಲು ತೊಳೆಯುವುದು” ಎಂಬ ತಲೆಬರಹ. ಕೆಳಗೆ ಮಾತುಗಳಿಲ್ಲ. ತನಗೆ ಬಾಯಿಪಾಠ ಇದ್ದದ್ದನ್ನು ಯಾರು ತಾನೇ ಬರೆದಿಡುತ್ತಾರೆ?

ಊರಿನಲ್ಲಿ ಅಂಕಿಗಳನ್ನು ಓದಬಲ್ಲವರು ಹತ್ತು ಜನ ಇದ್ದರು. ಆದರೆ ಅವನು ಪುಸ್ತಕವನ್ನು ಯಾರ ಕೈಗೂ ಕೊಡಲಿಲ್ಲ. ಅದು ಅವನ ಕಾಲಿನ ಹಾಡು. ಅದೂ ಅಲ್ಲದೆ ಹನ್ನೆರಡನೆಯ ವಯಸ್ಸಿನಿಂದ ಅವನು ಬಳಗದ ಕೊನೆಯ ಸಾಲಿನಲ್ಲಿ ನಿಂತು ಬರೀ ತುಟಿ ಆಡಿಸುತ್ತಿದ್ದ. “ನೀನು ಬಾಯಿ ತೆಗೆದು ಮುಚ್ಚು ಸಾಕು, ದನಿ ಬೇಡ,” ಎಂದು ಅಕ್ಕ ಅವನ ತುಟಿಯ ಮೇಲೆ ಎರಡು ಬೆರಳಿಟ್ಟು ಹೇಳಿದ್ದಳು. ನಲವತ್ತಾರು ವರ್ಷ ಅವನು ಆ ಆಜ್ಞೆಯನ್ನು ಮೀರಿರಲಿಲ್ಲ. ಅವನ ಬಾಯಿ ಎಷ್ಟು ಭಕ್ತಿಯಿಂದ ತೆರೆಯುತ್ತದೆ ಎಂದು ಹೊರಗಿನಿಂದ ಬಂದ ಪಾದ್ರಿಗಳು ಹೊಗಳಿದ್ದೂ ಉಂಟು. ಅಂಥವನು ಹೋಗಿ “ನಂಗೆ ಹಾಡೋದು ಕಲಿಸಿ” ಎಂದರೆ ಮೊದಲು ನಗುವವರು ಆ ಹತ್ತು ಜನವೇ.

ನೀಲಿ ಅಂಗಿಯವನು ಪ್ರಯೋಜನಕ್ಕೆ ಬಾರದ ಮೇಲೆ ಅವನು ವಿಡಿಯೊ ಕರೆಯಲ್ಲಿ ಎದುರು ಕೂತು ಪಾಠ ಹೇಳುವವರನ್ನು ಹುಡುಕಿದ. ಸಿಕ್ಕವಳು ಶಿಂಚೂ ಊರಿನ ಫಾನ್ ಎಂಬಾಕೆ, ಮೂವತ್ತರ ಆಸುಪಾಸು. ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ, ಅಂಗಡಿಯ ಶಟರನ್ನು ಅರ್ಧ ಎಳೆದು, ಫೋನನ್ನು ಆಯಿಲ್ ಡಬ್ಬಿಗೆ ಒರಗಿಸಿಟ್ಟು ಅವನು ಕೂರುತ್ತಿದ್ದ.

“ಅಣ್ಣ, ನಿಮ್ಮ ಹಣೆ ಒಂದೇ ಕಾಣ್ತಿದೆ. ನಂಗೆ ಬೇಕಾಗಿರೋದು ಬಾಯಿ,” ಎಂದಳು ಫಾನ್ ಮೊದಲ ದಿನ. “ಮುಂಚೆ ಕೊಂಡ ಪಾಠಗಳನ್ನ ಹೇಗೆ ನೋಡಿದ್ರಿ?”

“ಊಟ ಮಾಡ್ತಾ, ಟೀಚರ್.”

“ಹಂಗಾದ್ರೆ ಊಟ ಚೆನ್ನಾಗಿ ಕಲಿತಿರ್ತೀರಿ. ಕೇಳಿ, ನಾನು ಹೇಳಿದ್ದನ್ನ ಅಲ್ಲೇ ನಿಲ್ಲಿಸಿ ನೀವು ಬಾಯಲ್ಲಿ ಹೇಳಬೇಕು, ದನಿ ತೆಗೆದು. ಆಮೇಲೆ ಕೈಯಾರೆ ಬರೀಬೇಕು. ಫೋಟೋ ತಕ್ಕೊಂಡ್ರೆ ಫೋನು ಪಾಸಾಗುತ್ತೆ, ನೀವಲ್ಲ. ಮತ್ತೆ ವಾರವಾರ ಒಂದು ಪ್ರಶ್ನೆ ತರಬೇಕು. ಪ್ರಶ್ನೆ ಇಲ್ದೆ ಬರೋರು ಸಿನಿಮಾಕ್ಕೆ ಹೋಗೋದು ಒಳ್ಳೇದು.”

“ನನ್ನ ಹತ್ರ ಇರೋದೇ ಒಂದು ಪ್ರಶ್ನೆ, ಟೀಚರ್,” ಎಂದು ಅವನು ಅಕ್ಕನ ವಿಷಯ ಹೇಳಿದ. ಫಾನ್ ತಾನು ತಯಾರಿಸಿಟ್ಟಿದ್ದ ಪಾಠಗಳ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ಸರಿ. ಪೂರ್ತಿ ಶಾಸ್ತ್ರ ಬೇಡ. ಆ ಒಂದು ಹಾಳೆಗೆ ಎಷ್ಟು ಬೇಕೋ ಅಷ್ಟು,” ಎಂದಳು.

ಕಲಿಯುವುದರಲ್ಲಿ ಅವನು ಫಾನಳ ಶಿಷ್ಯರೆಲ್ಲರಿಗಿಂತ ಹಿಂದಿದ್ದ, ಒಂದು ವಿಷಯ ಬಿಟ್ಟು. ಎಂಜಿನ್ನಿನ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ ಎಂದು ಹೇಳುವ ಕಿವಿ ಅದು. ಎರಡು ಸ್ವರ ಬಾರಿಸಿದರೆ ಅವುಗಳ ನಡುವಿನ ಅಂತರವನ್ನು ತಪ್ಪದೆ ಹೇಳುತ್ತಿದ್ದ. ಹಾಡು ಎಂದರೆ ಮಾತ್ರ ಗಂಟಲು ಹಳೆಯ ಕ್ಲಚ್ಚಿನ ಹಾಗೆ ಜಾರುತ್ತಿತ್ತು.

“ಕಿವಿ ಬಂಗಾರ, ಅಣ್ಣ. ಗಂಟಲು ಮಾತ್ರ ಬೇರೆ ಯಾರದ್ದೋ ಹಾಕಿ ಕಳಿಸಿದ್ದಾರೆ.”

“ಗ್ಯಾರಂಟಿ ಮುಗಿದುಹೋಗಿದೆ, ಟೀಚರ್. ಬದಲಾಯಿಸೋಕೆ ಆಗಲ್ಲ.”

ಜೂನ್ ತಿಂಗಳ ಹೊತ್ತಿಗೆ ಅವನು ಹಾಳೆಯನ್ನು ಓದಿ ಹಾಡಬಲ್ಲವನಾದ. ಅಂಕಿಯ ಕೆಳಗೆ ಚುಕ್ಕಿಯಿದ್ದರೆ ಮಂದ್ರ, ಮೇಲಿದ್ದರೆ ತಾರ, ಅಡಿಗೆರೆ ಇದ್ದರೆ ಅರ್ಧ ಕಾಲ. ಮೊದಲ ನಾಲ್ಕು ಸ್ವರ: ಕೆಳಗಿನ ಐದು, ಒಂದು, ಒಂದು, ಎರಡು. ಒಂದು ಭಾನುವಾರ ಅಂಗಿ ಬದಲಿಸಿ, ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಕ್ಕನ ಮಂಚದ ಪಕ್ಕ ಕೂತು ಹಾಡಿದ. ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಎರಡನೆಯ ಸಲ ಹಾಡಿದ. ಅವಳು ಬಾಯಿ ತೆರೆದಳು, ಕತ್ತಿನ ನರ ಉಬ್ಬಿತು, “ತಾ” ಎಂಬುದೂ ಬರಲಿಲ್ಲ. ಗೋಡೆಯ ಕಡೆ ತಿರುಗಿದಳು.

ಅಕ್ಕನನ್ನು ನೋಡಿಕೊಳ್ಳಲು ಜಾವಾದಿಂದ ಬಂದಿದ್ದ ಲಸ್ಮಿ ಬಟ್ಟೆ ಮಡಿಸುತ್ತಾ ಹೇಳಿದಳು: “ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮೂರಲ್ಲಿ ಮೇಕೆ ಮಾರೋರು ಹಿಂಗೇ ಕೂಗ್ತಾರೆ.”

ಬುಧವಾರ ಅವನು ಇದನ್ನೆಲ್ಲ ವರದಿ ಮಾಡಿದ. ಫಾನ್ ಕೇಳಿದಳು: “ಒಂದನ್ನ ಎಲ್ಲಿ ಹಿಡಿದ್ರಿ?”

“ಎಲ್ಲಿ ಅಂದ್ರೆ? ನೀವು ಪರದೆ ಮೇಲೆ ಬರೆದು ತೋರಿಸಿದ್ರಲ್ಲ, ಪಿಯಾನೋದ ಸಿ ಅಂದ್ರೆ ಒಂದು ಅಂತ. ಅಲ್ಲೇ.”

“ಅಯ್ಯೋ ಅಣ್ಣ, ಅದು ನಾನು ಉದಾಹರಣೆಗೆ ತಗೊಂಡ ಶ್ರುತಿ! ನಿಮ್ಮ ಅಂಕಿಗಳಲ್ಲಿ ಒಂದು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತೆ. ಹಾಡೋರು ಎಲ್ಲಿ ಇಟ್ರೆ ಅಲ್ಲಿ. ನೀವು ಬಹುಶಃ ಅವರ ಗಂಟಲಿಗಿಂತ ಎಷ್ಟೋ ಮೇಲೆ ಇಟ್ಟಿದ್ದೀರಿ. ಆರೋಗ್ಯವಾಗಿರೋರು ಇಳಿಸಿಕೊಂಡು ಹಾಡ್ತಾರೆ. ಅವರಿಗೆ ಈಗ ಅಷ್ಟು ದಾರಿ ಹುಡುಕೋಕೆ ಆಗಲ್ಲ. ಹಾಳೆಯ ಎಡಗಡೆ ಮೇಲಿನ ಮೂಲೇಲಿ ಬರೆದಿರ್ತಾರೆ ನೋಡಿ, ಒಂದು ಅಂದ್ರೆ ಇಂಥಾದ್ದು ಅಂತ. ಹಾಳೆ ಹಿಡೀರಿ ಇಲ್ಲಿ.”

ಅವನು ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದ. ಎಡಗಡೆಯ ಮೇಲಿನ ಮೂಲೆ ಹರಿದುಹೋಗಿತ್ತು.

“ಏನಾಯ್ತು ಅದಕ್ಕೆ?”

“ಇಲಿ ತಿಂದಿರಬೇಕು,” ಎಂದ ಬೂನ್‌ಲ್ಯಾಂಗ್.

ಇಲಿ ತಿಂದರೆ ಅಂಚು ಹಲ್ಲುಹಲ್ಲಾಗಿರುತ್ತದೆ. ಇದು ಒಂದೇ ಎಳೆತಕ್ಕೆ ಬಂದ ಅಂಚು, ಪಕ್ಕದಲ್ಲಿ ಕಪ್ಪು ಎಣ್ಣೆಯ ಹೆಬ್ಬೆರಳ ಗುರುತು. ಪಾಠ ಮುಗಿದ ಮೇಲೆ ಅವನು ತನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟು ನೋಡಿದ. ನೋಡುವ ಅಗತ್ಯವಿರಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ನಂಬರು, ಬ್ರೇಕ್ ಕೇಬಲ್ಲಿನ ಅಳತೆ, ಗಿರಾಕಿಯ ಹೆಸರು, ಇವನ್ನೆಲ್ಲ ಕೈಗೆ ಸಿಕ್ಕಿದ ಕಾಗದದ ಮೂಲೆ ಹರಿದು ಬರೆದು ಮೊಳೆಗೆ ಚುಚ್ಚುವುದು ಅವನ ಜೀವಮಾನದ ಅಭ್ಯಾಸ. ಅಕ್ಕ ಮಧ್ಯಾಹ್ನದ ಊಟ ತರುವಾಗ ಪುಸ್ತಕವನ್ನೂ ತಂದು ಮೇಜಿನ ಮೇಲೆ ಇಡುತ್ತಿದ್ದಳು. ಯಾವ ವರ್ಷ, ಯಾವ ಸ್ಕೂಟರು, ದೇವರಿಗೇ ಗೊತ್ತು. ಅಕ್ಕ ಅದಕ್ಕಾಗಿ ಒಮ್ಮೆಯೂ ಬೈದಿರಲಿಲ್ಲ. ಉಳಿದ ಎಲ್ಲದಕ್ಕೂ ಬೈದವಳು.

ಮೊಳೆಯಲ್ಲಿದ್ದ ಚೀಟಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದ. ಐದು ತಿಂಗಳಿಗಿಂತ ಹಳೆಯದು ಒಂದೂ ಇರಲಿಲ್ಲ. ಹಬ್ಬದ ಮುಂಚಿನ ಮನೆ ತೊಳೆಯುವ ದಿನ ಮೊಳೆ ಖಾಲಿ ಮಾಡಿ, ಚೀಟಿಗಳನ್ನು ಚೀಲಕ್ಕೆ ತುಂಬಿ ಕಸದ ಲಾರಿಗೆ ತಾನೇ ಎಸೆಯುತ್ತಿದ್ದದ್ದು ನೆನಪಾಯಿತು.

ಕಸದ ಲಾರಿ ಆ ಊರಿಗೂ ಬರುತ್ತಿತ್ತು, ಸಂಜೆ ಆರೂವರೆಗೆ, ಹಾಡು ಬಾರಿಸಿಕೊಂಡು. ಕಸವನ್ನು ಬೀದಿಯಲ್ಲಿ ಇಟ್ಟುಹೋಗುವ ಹಾಗಿಲ್ಲ. ಹಾಡು ಕೇಳಿದ ಕೂಡಲೇ ಚೀಲ ಹಿಡಿದು ಓಡಿಬಂದು ಕೈಯಾರೆ ಲಾರಿಯ ಬಾಯಿಗೆ ಹಾಕಬೇಕು. ಹಾಗಾಗಿ ದಿನಕ್ಕೆ ಹತ್ತು ನಿಮಿಷ ಇಡೀ ಬೀದಿ ಬೀದಿಯಲ್ಲೇ ನಿಂತಿರುತ್ತಿತ್ತು. ಹುಟ್ಟು, ಸಾವು, ಸೊಸೆಯಂದಿರ ನಡತೆ ಎಲ್ಲ ಇತ್ಯರ್ಥವಾಗುತ್ತಿದ್ದದ್ದು ಅಲ್ಲೇ. ಅಂಗಡಿಯ ಚೀಲ ಭಾರ ಎಂದು ಬೂನ್‌ಲ್ಯಾಂಗನೇ ದಿನಾಲೂ ಇಳಿದು ನಿಲ್ಲುತ್ತಿದ್ದ.

“ಹೆಂಗಿದೆಯಪ್ಪ ಅಕ್ಕನಿಗೆ?” ಎಂದಳು ಪಕ್ಕದ ಮನೆಯ ತಿಂಡಿ ಅಂಗಡಿಯ ಮುದುಕಿ. “ನಿನ್ನ ಹಾಡು ಕೇಳಿಸ್ತು ಭಾನುವಾರ. ನಾನು ಯಾರೋ ಮತ್ತೆ ಬಿದ್ರು ಅಂತ ಓಡಿ ಬರೋಳಿದ್ದೆ.”

ಅವನು ನಗಲು ನೋಡಿದ. ಆಗಲಿಲ್ಲ. ಚೀಲ ಎಸೆದು ಮೇಲೆ ಬಂದಾಗ ಲಸ್ಮಿ ಕಿಟಕಿಯ ಬಳಿ ಅಕ್ಕನ ಕೂದಲು ಬಾಚುತ್ತಿದ್ದಳು.

“ಒಂದು ಮಾತು ಕೇಳ್ಲಾ, ಯಜಮಾನ್ರೇ? ಅಮ್ಮನಿಗೆ ಹಾಡು ಬರ್ಲಿ ಅಂತ ಇಷ್ಟು ಒದ್ದಾಡ್ತೀರಲ್ಲ, ದಿನಾ ಸಾಯಂಕಾಲ ಅವ್ರು ಗುನುಗ್ತಾರಲ್ಲ, ಅದು ಸಾಲ್ದಾ?”

“ಏನು ಗುನುಗ್ತಾಳೆ?”

“ಲಾರಿ ಬಂದಾಗ. ನಿಮಗೆ ಗೊತ್ತಿಲ್ವಾ?” ಎಂದು ಕೇಳಿ, ಆಮೇಲೆ ತಾನೇ ತಲೆ ಚಚ್ಚಿಕೊಂಡಳು. “ನೀವೆಲ್ಲಿರ್ತೀರಿ. ಕೆಳಗಿರ್ತೀರಿ.”

ಮರುದಿನ ಚೀಲಗಳನ್ನು ಲಸ್ಮಿಯ ಕೈಗೆ ಕೊಟ್ಟು ಅವನು ಬಾಗಿಲ ಹಿಂದೆ ನಿಂತ. ಲಾರಿ ಬಂತು. ಬೀದಿಯ ತುದಿಯಿಂದ ತುದಿಗೆ ಹಾಡು ಸಾಗಿತು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲಾರಿ ತಿರುವಿನಲ್ಲಿ ಮರೆಯಾಗಿ ಬೀದಿ ಮೌನವಾದ ಮೇಲೆ, ತುಟಿ ತೆರೆಯದೆ, ಮೂಗಿನಲ್ಲಿ ಅವಳ ದನಿ ಎದ್ದಿತು. ಅದು ಲಾರಿಯ ಹಾಡಾಗಿರಲಿಲ್ಲ. ಕೆಳಗಿನ ಐದು. ಒಂದು. ಒಂದು. ಎರಡು. ಅಲ್ಲಿಗೆ ನಿಂತಿತು. ಮತ್ತೊಮ್ಮೆ ಅಷ್ಟೇ. ಮುಂದಿನ ಸ್ವರಕ್ಕೆ ಯಾರೋ ಬಂದು ಕೈ ಹಿಡಿಯಲಿ ಎಂದು ಕಾಯುವವಳ ಹಾಗೆ ತಲೆ ಓರೆ ಮಾಡಿ ಕೂತಿದ್ದಳು. ಆ ಹೊತ್ತು ಕಾಲು ತೊಳೆಯುವ ಹೊತ್ತು.

ಅವನು ಹಾಡಲಿಲ್ಲ. ತಪ್ಪು ಕಡೆ ಹಿಡಿದರೆ ಎಂಬ ಭಯ. ಆ ‘ಒಂದ’ನ್ನು ಕಿವಿಯಲ್ಲಿ ಇಟ್ಟುಕೊಂಡು, ತುಂಬಿದ ಬಟ್ಟಲು ಹಿಡಿದವನ ಹಾಗೆ ಮೆಟ್ಟಿಲಿಳಿದು ಅಂಗಡಿಗೆ ಬಂದ. ಪಿಯಾನೋ ಇರಲಿಲ್ಲ. ರಿಪೇರಿಗೆ ಬಂದ ಹದಿನಾಲ್ಕು ಸ್ಕೂಟರುಗಳಿದ್ದವು. ಒಂದೊಂದರ ಹಾರನ್ನೂ ಒತ್ತುತ್ತಾ ಹೋದ. ಒಂಬತ್ತನೆಯದು, ಅಂಚೆಯಣ್ಣನ ಹಸಿರು ಸ್ಕೂಟರು, ಅಕ್ಕನ ಒಂದಕ್ಕೆ ಸರಿಯಾಗಿ ಒಂದು ಸ್ಥಾಯಿ ಮೇಲೆ ಕೂಗಿತು.

“ಯಾರ ಮದುವೆ ಮೆರವಣಿಗೆನೋ?” ಎಂದು ಹೊರಗಿನಿಂದ ಮುದುಕಿ ಕೂಗಿದಳು.

ಬುಧವಾರದವರೆಗೆ ಅಂಚೆಯಣ್ಣನಿಗೆ ಗಾಡಿ ಕೊಡಲಿಲ್ಲ. ಪಾಠ ಶುರುವಾದ ಕೂಡಲೇ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿ ಹಾರನ್ ಒತ್ತಿದ. ಫಾನ್ ಕಿವಿ ಮುಚ್ಚಿಕೊಂಡಳು. ಆಮೇಲೆ ಪಿಯಾನೋದ ಮೇಲೆ ಹುಡುಕಿ ಹೇಳಿದಳು:

“ಎ ಫ್ಲ್ಯಾಟ್. ನೀವು ಹಾಡಿದ್ದಕ್ಕಿಂತ ನಾಲ್ಕು ಮನೆ ಕೆಳಗೆ. ಅಣ್ಣ, ಇದನ್ನ ಯಾವ ಪಾಠದಲ್ಲೂ ಹೇಳಿಕೊಡಲ್ಲ.”

“ಟೀಚರ್, ಆ ಮೂಲೆ ಇಲಿ ತಿಂದದ್ದಲ್ಲ. ನಾನೇ ಹರಿದದ್ದು.”

“ಗೊತ್ತಾಯ್ತು, ಅಣ್ಣ. ಹೆಬ್ಬೆರಳು ಕಾಣ್ತಿತ್ತು.”

ಇಡೀ ಜುಲೈ ಅವರಿಬ್ಬರೂ ಬೇರೆ ಏನನ್ನೂ ಮಾಡಲಿಲ್ಲ. ಹಾಡನ್ನು ಪೂರ್ತಿ ಹಾಡಬೇಡಿ ಎಂದಳು ಫಾನ್. ಅವರು ನಿಲ್ಲಿಸುವಲ್ಲಿಂದ ಒಂದೇ ಸ್ವರ ಕೊಟ್ಟು ಜಾಗ ಬಿಡಿ, ಕಾಯಿರಿ. ಐದನೆಯ ಸ್ವರ ಮೂರು. ಆ ಒಂದು ಮೂರನ್ನು ಬೂನ್‌ಲ್ಯಾಂಗ್ ಸೈಲೆನ್ಸರ್ ತೊಳೆಯುವಾಗ, ಟೈರಿಗೆ ಗಾಳಿ ತುಂಬುವಾಗ, ಗಿರಾಕಿಗಳ ಎದುರಿಗೇ ಹಾಡಿ ಹಾಡಿ ಸವೆಸಿದ.

ಆಗಸ್ಟಿನ ಎರಡನೆಯ ಸೋಮವಾರ ಲಾರಿ ಹಾದುಹೋಯಿತು. ಅವನು ಬಕೆಟ್ಟಿನಲ್ಲಿ ನೀರು ತಂದು, ಅಕ್ಕನ ಎದುರು ನೆಲದ ಮೇಲೆ ಕೂತು, ಅವಳ ಪಾದಗಳನ್ನು ನೀರಿಗೆ ಇಳಿಸಿದ. ಹಾಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಗುನುಗಿದಳು. ಕೆಳಗಿನ ಐದು, ಒಂದು, ಒಂದು, ಎರಡು. ಅವನು ಬಾಯಿ ತೆರೆದು ಮೂರನ್ನು ಹಿಡಿದ. ತಿಂಗಳಿಡೀ ಸವೆಸಿದ ಸ್ವರ, ಆ ಗಳಿಗೆಯಲ್ಲಿ ಒಂದು ಕೂದಲೆಳೆ ಕೆಳಕ್ಕೆ ಜಾರಿತು. ಅವನ ಕಿವಿಗೆ ತಕ್ಷಣ ಗೊತ್ತಾಯಿತು.

ಅಕ್ಕನಿಗೂ ಗೊತ್ತಾಯಿತು. ಅವಳ ಎಡಗೈ ಮೆಲ್ಲಗೆ ಎದ್ದು ಬಂತು. ಎರಡು ಬೆರಳು ಅವನ ತುಟಿಯ ಮೇಲೆ ಕೂತವು.

ಆಮೇಲೆ ಅವಳು ಹಾಡಿದಳು. ಮೊದಲು ಒಡಕಾಗಿ, ಆಮೇಲೆ ತನ್ನ ಹಳೆಯ ದನಿಯಲ್ಲಿ, ಮಾತುಗಳ ಸಮೇತ:

“ಕಾಲು ತೊಳಕೋ ಕೆಸರಿನ ಮರಿಯೇ,
ಹಾಸಿಗೆ ಬೆಳ್ಳಗಿದೆ, ಅಮ್ಮ ಒಗೆದದ್ದು.”

ಬಾಗಿಲಲ್ಲಿ ನಿಂತಿದ್ದ ಲಸ್ಮಿ ಕೈಯಲ್ಲಿದ್ದ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಅಮ್ಮ ಒಗೆದ ಹಾಸಿಗೆ. ಹಾಸಿಗೆಯ ಬಟ್ಟೆ ಒಗೆದು ಹಾಕಿದ ಮರುದಿನ ಅಮ್ಮ ಸತ್ತದ್ದು ಎಂದು ಊರಿನವರು ಹೇಳಿ ಅವನಿಗೆ ಗೊತ್ತಿತ್ತು. ಅದರ ಮೇಲೆ ಕೊಳೆ ಆಗದ ಹಾಗೆ ನೋಡಿಕೊಳ್ಳಲು ಹದಿನಾಲ್ಕರ ಹುಡುಗಿಯೊಬ್ಬಳು ಹಾಡು ಕಟ್ಟಿದ್ದಳು ಎಂಬುದು ಈಗ ಗೊತ್ತಾಯಿತು.

ಮೂರನೆಯ ಸಾಲಿಗೆ ಅವಳು ಬಾಯಿ ತೆರೆದಳು. “ತಾ,” ಎಂದಳು. “ತಾ, ತಾ.” ಎಡಗೈಯಿಂದ ತನ್ನ ತೊಡೆಯನ್ನು ಹೊಡೆದುಕೊಂಡಳು. ಅವನು ಆ ಕೈ ಹಿಡಿದುಕೊಂಡ.

ಒಂಬತ್ತು ಸಂಜೆ ಹೀಗೇ ನಡೆಯಿತು: ಬಕೆಟ್ಟು, ನೀರು, ಅವನ ಜಾರುವ ಮೂರು, ಎರಡು ಬೆರಳು, ಎರಡು ಸಾಲು. ಮೂರನೆಯ ಸಾಲು ಬರಲಿಲ್ಲ. ನಡುವಿನ ಬುಧವಾರ ಫಾನ್ ಎದುರು ಅವನು ಇದನ್ನು ಹೇಳುತ್ತಾ, “ಮುಂದಿನ ವಾರದ ಪ್ರಶ್ನೆ ಮೂರನೇ ಸಾಲಿಂದು,” ಎಂದ. ಹತ್ತನೆಯ ದಿನ ಬೆಳಗ್ಗೆ ಲಸ್ಮಿ ಗಂಜಿ ತಂದಾಗ ಛಾಯ್‌ಲಿಯನ್ ಎದ್ದಿರಲಿಲ್ಲ. ಎರಡನೆಯ ಸಲ ಬಂದ ಪಾರ್ಶ್ವವಾಯು ಹಾಡಿನ ಕೋಣೆಯನ್ನೂ ಬಿಟ್ಟಿರಲಿಲ್ಲ. ಚಕ್ಕೋತದ ಕೊಯ್ಲು ಆಗ ತಾನೇ ಶುರುವಾಗಿತ್ತು. ಊರೆಲ್ಲ ಅದರ ಸಿಪ್ಪೆಯ ವಾಸನೆ.

ಚರ್ಚಿನಲ್ಲಿ ಅಕ್ಕನ ಅಂತ್ಯಕ್ರಿಯೆಯ ಪ್ರಾರ್ಥನೆಗೆ ಅವನು ಆ ಹಾಳೆಯ ಪ್ರತಿಗಳನ್ನು ಮಾಡಿಸಿ ತಂದ. ಹರಿದ ಮೂಲೆಗೆ ಬಿಳಿ ಕಾಗದದ ತುಂಡು ಅಂಟಿಸಿ, ಬಿಡಿಭಾಗಗಳ ನಂಬರು ಬರೆಯುವ ತನ್ನ ದಪ್ಪ ಅಕ್ಷರದಲ್ಲಿ, ಒಂದು ಅಂದರೆ ಎ ಫ್ಲ್ಯಾಟ್ ಎಂದು ಬರೆದಿದ್ದ; ಅಂಕಿಗಳ ಕೆಳಗೆ, ಸಿಕ್ಕಿದ ಎರಡು ಸಾಲಿನ ಮಾತನ್ನೂ. ಅಕ್ಕನ ಜಾಗದಲ್ಲಿ ಬಳಗ ನಡೆಸುತ್ತಿದ್ದ ಹಿರಿಯ ಹೆಂಗಸು ಕನ್ನಡಕ ಏರಿಸಿ ನೋಡಿದಳು.

“ಇದ್ಯಾರಪ್ಪ ಇಷ್ಟು ಕೆಳಗೆ ಹಿಡಿದದ್ದು? ಒಂದೆರಡು ಮನೆ ಮೇಲೆ ತಗೊಂಡ್ರೆ ನಮ್ಮ ಹೆಂಗಸರಿಗೆ ಸಲೀಸು.”

“ಬೇಡ ಅಕ್ಕಾ. ಅಲ್ಲೇ ಇರಲಿ.”

“ಮೂರು, ನಾಲ್ಕನೇ ಸಾಲಿಗೆ ಮಾತೇ ಇಲ್ವಲ್ಲ?”

“ಇಲ್ಲ. ಅಂಕಿಗಳನ್ನೇ ಹಾಡಿ.”

ಅವಳು ಪ್ರತಿಗಳನ್ನು ಬಳಗಕ್ಕೆ ಹಂಚಿದಳು. ನಂತರ ಹೇಳಿದಳು: “ಎಲ್ಲಿಂದಲೋ ದುಡ್ಡು ಕೊಟ್ಟು ಕಲಿತಿದ್ದೀಯಂತೆ. ಇವತ್ತಾದ್ರೂ ದನಿ ತೆಗೆದು ಹಾಡೋ.”

ಪಿಯಾನೋ ಮೇಲೆ ಯಾರೋ ಶ್ರುತಿ ಕೊಟ್ಟರು. ಸರಿಯಿದೆಯೇ ಎಂದು ಅವಳು ಅವನತ್ತ ನೋಡಿದಳು. ಅವನು ತಲೆಯಾಡಿಸಿದ. ಬಳಗ ಹಾಡಿತು, ಎಂದಿನಂತೆ ಸ್ವಲ್ಪ ಎಳೆದು. ಎರಡು ಸಾಲಿನ ಮಾತು ಮುಗಿದು, ಅಂಕಿಗಳು ಒಂದೊಂದಾಗಿ ಮೆಟ್ಟಿಲಿಳಿಯತೊಡಗಿದವು. ಬೂನ್‌ಲ್ಯಾಂಗ್ ಕೊನೆಯ ಸಾಲಿನಲ್ಲಿ, ತನ್ನ ಜಾಗದಲ್ಲಿ, ಒಂದು ಸ್ವರವನ್ನೂ ಬಿಡದೆ ತುಟಿ ಆಡಿಸುತ್ತಾ ನಿಂತಿದ್ದ.